ಗೋಡೆ ಖಾಲಿ ಬಿಟ್ಟ ನಮ್ಮಣ್ಣ

ನಮ್ಮಣ್ಣನಿಗೆ ಖಾಲಿ ಗೋಡೆ ಕಂಡರೆ ಆಗುವುದಿಲ್ಲ. ಕೈ ಸುಮ್ಮನಿರುವುದಿಲ್ಲ, ಬ್ರಷ್ ಹುಡುಕುತ್ತದೆ. ಮೂವತ್ತೈದು ವರ್ಷದಿಂದ ಅವನು ಪೇಂಟರ್. ಮನೆ, ಅಂಗಡಿ, ಗೇಟು ಎಲ್ಲಕ್ಕೂ ಬಣ್ಣ ಹೊಡೆಯುತ್ತಾನೆ, ಆದರೆ ಅವನ ಹೆಸರು ನಿಂತಿರುವುದು ಶಾಲೆಗಳ ಗೋಡೆ ಮೇಲೆ. ಊರಿನ ಯಾವ ಶಾಲೆಗೆ ಬೇಕಾದರೂ ಹೋಗಿ ನೋಡಿ, ಬಾಗಿಲ ಬಲಗಡೆ ಒಂದು ದೊಡ್ಡ ಹಳದಿ ಸೂರ್ಯ ಇರುತ್ತಾನೆ. ಸೂರ್ಯನಿಗೆ ಕಣ್ಣು, ರೆಪ್ಪೆ, ಕೆನ್ನೆಯಲ್ಲಿ ಗುಳಿ, ಬಾಯಿ ತುಂಬ ಹಲ್ಲು. ಎಣಿಸಿದರೆ ಸರಿಯಾಗಿ ಮೂವತ್ತೆರಡು. "ಹಲ್ಲು ಸ್ವಲ್ಪ ಕಮ್ಮಿ ಮಾಡೋ ಅಣ್ಣ, ಕಚ್ಚೋಕೆ ಬರೋ ಹಾಗಿದೆ" ಎಂದು ನಾನು ಒಂದು ಸಲ ಅಂದಿದ್ದಕ್ಕೆ ಮೂರು ದಿನ ಮಾತು ಬಿಟ್ಟಿದ್ದ. ಊರಿನವರು ಅವನನ್ನು ಹಲ್ಲುಸೂರ್ಯ ಎಂದೇ ಕರೆಯುತ್ತಾರೆ. ಅವನಿಗೆ ಅದೊಂದು ಬಿರುದು.

ಒಂದು ಸಲ ಹಲ್ಲಿನ ಡಾಕ್ಟರೊಬ್ಬರು ತಮ್ಮ ಕ್ಲಿನಿಕ್ಕಿಗೆ ಬರೀ ಬಿಳಿ ಸಾಕು, ಬೇರೇನೂ ಬೇಡ ಎಂದು ಮೂರು ಸಲ ಹೇಳಿ ಊಟಕ್ಕೆ ಹೋದರು. ತಿರುಗಿ ಬರುವಷ್ಟರಲ್ಲಿ ಎದುರು ಗೋಡೆ ಮೇಲೆ ಸೂರ್ಯ ಹುಟ್ಟಿದ್ದ. ಬೈಯಲು ಬಾಯಿ ತೆರೆದ ಡಾಕ್ಟರು ಅಭ್ಯಾಸಬಲದಿಂದ ಹಲ್ಲು ಎಣಿಸಿದರು, ದವಡೆ ಹಲ್ಲೂ ಸರಿಯಾಗಿರುವುದು ನೋಡಿ ಸುಮ್ಮನಾದರು. ಅಂದಿನಿಂದ ಅಣ್ಣ ಯಾರ "ಬೇಡ" ಎಂಬ ಮಾತಿಗೂ ಬೆಲೆ ಕೊಡುವುದನ್ನು ಬಿಟ್ಟ.

ನನ್ನ ಬಗ್ಗೆಯೂ ಹೇಳಿಬಿಡುತ್ತೇನೆ. ನಾನು ಎಲೆಕ್ಟ್ರಿಷಿಯನ್. ಅಣ್ಣ ಬಣ್ಣ ಹೊಡೆದಲ್ಲಿ ವೈರಿಂಗ್ ನನ್ನದೇ. ಅವನು ಗೋಡೆ ತುಂಬಿಸಿದರೆ ನಾನು ಮೇಲ್ಛಾವಣಿ ತುಂಬಿಸುತ್ತೇನೆ. ಎರಡು ಟ್ಯೂಬ್‌ಲೈಟ್ ಸಾಕು ಎಂದವರಿಗೆ ನಾಲ್ಕು ಹಾಕಿ, "ಸೂಜಿ ಬಿದ್ದರೂ ಕಾಣ್ಬೇಕು ಸ್ವಾಮಿ" ಎಂದು ಬೆನ್ನು ತಟ್ಟಿಕೊಂಡವನು ನಾನು. ಆದ್ದರಿಂದ ಮುಂದೆ ಹೇಳುವ ಕಥೆಯಲ್ಲಿ ಅಣ್ಣನಿಗೆ ಎಷ್ಟು ಬೈದರೂ ಅದರಲ್ಲಿ ಅರ್ಧ ಪಾಲು ನನಗೆ ಎಂದು ತಿಳಿದುಕೊಳ್ಳಿ.

ಅಣ್ಣನಿಗೆ ಒಬ್ಬಳೇ ಮಗಳು, ಆ ಮಗಳಿಗೆ ಒಬ್ಬಳೇ ಮಗಳು. ಈ ಮೊಮ್ಮಗಳಿಗೆ ಎಂಟು ವರ್ಷ. ಮನೆಯಲ್ಲಿ ಎಲ್ಲರೂ ಅವಳನ್ನು ಜಡ್ಜಮ್ಮ ಎನ್ನುತ್ತೇವೆ. ಯಾವ ವಸ್ತುವನ್ನಾದರೂ ಅವಳು ತುಂಬ ಹೊತ್ತು ನೋಡುತ್ತಾಳೆ, ಮುಟ್ಟುತ್ತಾಳೆ, ಕೊನೆಗೆ ಒಂದೇ ಒಂದು ಮಾತು ಹೇಳುತ್ತಾಳೆ. ಅದರ ಮೇಲೆ ಅಪೀಲಿಲ್ಲ. ಅಣ್ಣನ ಶೇಡ್ ಕಾರ್ಡ್, ಅಂದರೆ ಬಣ್ಣದ ಕಂಪನಿಯವರು ಕೊಡುವ ಆ ಸಣ್ಣ ಸಣ್ಣ ಚೌಕಗಳ ಪುಸ್ತಕ, ಸದಾ ಅವಳ ಕಂಕುಳಲ್ಲಿ. ಅದರಲ್ಲಿರುವ ಸಾವಿರ ಚಿಲ್ಲರೆ ಬಣ್ಣಗಳ ನಂಬರೂ ಅವಳಿಗೆ ಬಾಯಿಪಾಠ. ನನ್ನನ್ನು ಕಂಡರೆ "ಎಪ್ಪತ್ತೆರಡು ಹದಿನಾಲ್ಕು" ಎನ್ನುತ್ತಾಳೆ. ಪ್ರೀತಿಯಿಂದ ಏನೋ ಅನ್ನುತ್ತಿದ್ದಾಳೆ ಎಂದು ಹಿಗ್ಗಿ ಪುಸ್ತಕ ತೆರೆದು ನೋಡಿದರೆ ಅದು ಒದ್ದೆ ಮಣ್ಣಿನ ಬಣ್ಣ.

ನಾಲ್ಕು ವರ್ಷದವಳಿದ್ದಾಗ ಡಾಕ್ಟರು ಆಟಿಸಂ ಎಂದರು. ಅಣ್ಣ ತಕ್ಷಣ, "ಎಷ್ಟು ದಿನ ಮಾತ್ರೆ ತಗೋಬೇಕು?" ಎಂದು ಕೇಳಿದ.

"ಇದು ಜ್ವರ ಅಲ್ಲ ಯಜಮಾನ್ರೇ. ಅವಳು ಇರೋದೇ ಹೀಗೆ. ನಮಗೆ ಮೆತ್ತಗೆ ಕೇಳ್ಸೋದು ಅವಳಿಗೆ ಜೋರಾಗಿ ಕೇಳ್ಸುತ್ತೆ, ನಮಗೆ ಚೆಂದ ಕಾಣೋದು ಅವಳ ಕಣ್ಣಿಗೆ ಚುಚ್ಚುತ್ತೆ. ಬದಲಾಗಬೇಕಾಗಿರೋದು ನೀವು" ಎಂದರು ಡಾಕ್ಟರು.

ಹೊರಗೆ ಬಂದವನೇ ಅಣ್ಣ, "ಒಳ್ಳೇ ಡಾಕ್ಟ್ರು ಕಣೋ, ಒಂದೂ ಮಾತ್ರೆ ಬರೀಲಿಲ್ಲ" ಎಂದ. ಬದಲಾಗಬೇಕು ಎಂದದ್ದು ಇಬ್ಬರ ಕಿವಿಗೂ ಬೀಳಲಿಲ್ಲ.

ಆಮೇಲೆ ಶುರುವಾಯಿತು ಶಾಲೆಗಳ ಪಾಡು. ಮೊದಲನೇ ಶಾಲೆಯಲ್ಲಿ ಜಡ್ಜಮ್ಮ ನಾಲ್ಕು ದಿನ ಇದ್ದಳು, ನಾಲ್ಕೂ ದಿನ ಬೆಂಚಿನ ಕೆಳಗೆ. ಎರಡನೆಯದರಲ್ಲಿ ಕಿವಿ ಮುಚ್ಚಿಕೊಂಡು ಗೇಟಿನವರೆಗೆ ಓಡಿದಳು. ಮೂರನೆಯದರಲ್ಲಿ ಒಂದು ವಾರ ನಡೆಯಿತು, ಅಣ್ಣ ಪಕ್ಕದಲ್ಲಿ ಕೂತಿದ್ದಕ್ಕೆ. ಏಳನೇ ದಿನ ಆ ಶಾಲೆಯ ಹೆಡ್‌ಮಾಸ್ತರರು ತರಗತಿಗೆ ಬಂದು ಶಿಸ್ತಿನ ಬಗ್ಗೆ ಗಟ್ಟಿಯಾಗಿ ಭಾಷಣ ಮಾಡುತ್ತಿದ್ದರು. ಜಡ್ಜಮ್ಮ ಎದ್ದು ನಿಂತು, ಥೇಟ್ ಅಜ್ಜನದೇ ಧ್ವನಿಯಲ್ಲಿ, "ಮೊದಲು ಬಾಯಿ ಮುಚ್ಚು, ಆಮೇಲೆ ಏಣಿ ಹಿಡಿ" ಎಂದಳು. ಅದು ಅಣ್ಣ ದಿನಾ ನನಗೆ ಹೇಳುವ ಮಾತು. ಹಾಗೆಂದು ಅಣ್ಣ ಎಷ್ಟು ಹೇಳಿದರೂ ಹೆಡ್‌ಮಾಸ್ತರರು ನಂಬಲಿಲ್ಲ. ಅಲ್ಲಿಗೂ ಮುಗಿಯಿತು.

ಹಾಗಾಗಿ ಎಂಟು ವರ್ಷದ ಹುಡುಗಿ ದಿನವೆಲ್ಲ ಅಜ್ಜನ ಜೊತೆ ಕೆಲಸದ ಜಾಗದಲ್ಲಿ ಖಾಲಿ ಬಣ್ಣದ ಡಬ್ಬ ಜೋಡಿಸುತ್ತ ಕೂರುತ್ತಿದ್ದಳು. ಅವನಿಲ್ಲದೆ ಒಂದು ಗಳಿಗೆ ಇರುತ್ತಿರಲಿಲ್ಲ. ಅವಳ ಅಮ್ಮನಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಬಿಟ್ಟುಬಿಡುತ್ತೇನೆ ಎಂದು ತಿಂಗಳಿಗೊಮ್ಮೆ ಅಳುತ್ತಿದ್ದಳು. ಅಣ್ಣ ಅವಳಿಗೆ ಧೈರ್ಯ ಹೇಳಿ, ನನ್ನ ಹತ್ತಿರ ಬಂದು, "ನನಗೆ ಅರವತ್ನಾಲ್ಕು ಆಯ್ತು ಕಣೋ. ನಾನು ಇರೋವರೆಗೆ ಸರಿ. ಆಮೇಲೆ ಇವಳು ಯಾರ ಪಕ್ಕ ಕೂರ್ತಾಳೆ?" ಎನ್ನುತ್ತಿದ್ದ. ನಾನು ಏಣಿ ಹಿಡಿದುಕೊಂಡು ನಿಂತಿರುತ್ತಿದ್ದೆ.

ಅಷ್ಟರಲ್ಲಿ ನಾಲ್ಕನೇ ಶಾಲೆಯ ಸುದ್ದಿ ಬಂತು. ಅಲ್ಲಿ ಇಂಥ ಐದು ಮಕ್ಕಳಿಗಾಗಿಯೇ ಒಂದು ಕೋಣೆ ಮಾಡಬೇಕೆಂದಿದ್ದರು. ಅದಕ್ಕೊಬ್ಬ ಟೀಚರು ಆಗಲೇ ಬಂದಿದ್ದರು. ಇಪ್ಪತ್ತಾರು ವರ್ಷದ ಹುಡುಗಿ, ಎಷ್ಟು ಮೆಲ್ಲಗೆ ಮಾತಾಡುತ್ತಿದ್ದಳೆಂದರೆ ನಾವು ಅವಳಿಗೆ ಪಿಸುಟೀಚರ್ ಎಂದು ಹೆಸರಿಟ್ಟೆವು. ಕೋಣೆ ಮಾತ್ರ ಇರಲಿಲ್ಲ, ಮುರಿದ ಬೆಂಚು ತುಂಬಿದ ಒಂದು ಸ್ಟೋರ್ ರೂಮಿತ್ತು. ಅಣ್ಣ ಎದೆ ಉಬ್ಬಿಸಿ, "ಕೋಣೆ ನಾವು ಮಾಡ್ಕೊಡ್ತೀವಿ, ನೀವು ನಮ್ಮ ಮಗೂನ ತಗೊಳ್ಳಿ" ಎಂದ.

ಹೆಡ್‌ಮೇಡಂ ಗಟ್ಟಿ ಹೆಂಗಸು. "ಕೋಣೆ ಮಾಡಿದ್ರೆ ಸೀಟು ಅಂತ ನಾನು ಹೇಳಲ್ಲ. ಒಂದು ವಾರ ನೋಡ್ತೀನಿ. ಮನೆಯೋರು ಯಾರೂ ಪಕ್ಕದಲ್ಲಿ ಇಲ್ದೆ, ದಿನಕ್ಕೆ ಎರಡು ಗಂಟೆ ಅವಳು ಕೋಣೇಲಿ ಇರಬೇಕು. ಆಗಲಿಲ್ಲ ಅಂದ್ರೆ ಆ ಜಾಗಕ್ಕೆ ಇನ್ನೊಂದು ಮಗು ಕಾಯ್ತಿದೆ" ಎಂದರು. ಅವರನ್ನು ಕಲ್ಲುಮನಸ್ಸಿನವರು ಎಂದು ಬೈಯೋಣವೆಂದರೆ, ಕಾಯುತ್ತಿರುವ ಆ ಮಗುವಿನ ತಾಯಿ ಅಲ್ಲೇ ಬೆಂಚಿನ ಮೇಲೆ ಕೂತಿದ್ದಳು.

ಪಿಸುಟೀಚರ್ ಒಂದು ದೊಡ್ಡ ಹಾಳೆ ತಂದು ಅಣ್ಣನ ಕೈಗಿಟ್ಟಳು. ಒಂದು ಕಡೆ ಕೋಣೆಯ ನಕ್ಷೆ, ಇನ್ನೊಂದು ಕಡೆ ಮುದ್ದಾದ ಅಕ್ಷರದಲ್ಲಿ ಇಪ್ಪತ್ತೊಂದು ಸೂಚನೆ. "ದಯವಿಟ್ಟು ಪೂರ್ತಿ ಓದಿ ಸರ್" ಎಂದಳು. ಅಣ್ಣ ಎರಡೂ ಕೈಯಲ್ಲಿ ತೆಗೆದುಕೊಂಡು, "ಓದದೆ ಇರ್ತೀವಾ ಟೀಚರ್?" ಎಂದ.

ಹತ್ತು ದಿನ ಕೆಲಸ ಮಾಡಿದೆವು. ಅಣ್ಣ ಅಷ್ಟು ತನ್ಮಯನಾಗಿ ಕೆಲಸ ಮಾಡಿದ್ದನ್ನು ನಾನು ನೋಡಿರಲಿಲ್ಲ. ನಾಲ್ಕು ಗೋಡೆಗೂ ಕಾಡು ಬಂತು. ಆನೆ, ಜಿರಾಫೆ, ಕನ್ನಡಕ ಹಾಕಿದ ಕರಡಿ, ಒಂದಕ್ಕೊಂದು ಬಾಲ ಹಿಡಿದ ಹದಿಮೂರು ಕೋತಿ. ಎಲ್ಲ ಹೊಳೆಯುವ ಬಣ್ಣ, ಮುಖ ನೋಡಿಕೊಳ್ಳಬಹುದು. ಬಾಗಿಲ ಬಲಗಡೆ ಸೂರ್ಯ, ಇಲ್ಲಿಯವರೆಗಿನ ಸೂರ್ಯರೆಲ್ಲರ ಅಪ್ಪ. ನಾನೂ ಹಿಂದೆ ಬೀಳಲಿಲ್ಲ. ಹದಿನೈದಡಿ ಕೋಣೆಗೆ ಎಂಟು ಟ್ಯೂಬ್‌ಲೈಟ್ ಏರಿಸಿದೆ. ಸ್ವಿಚ್ ಹಾಕಿದಾಗ ಇಬ್ಬರೂ ಕಣ್ಣು ಕಿರಿದು ಮಾಡಿಕೊಂಡು, "ಆಹಾ" ಎಂದೆವು. ಕಣ್ಣು ಯಾಕೆ ಕಿರಿದಾಯಿತು ಎಂದು ಆಗಲೇ ಯೋಚಿಸಿದ್ದರೆ ಆಗುತ್ತಿತ್ತು.

ಸೋಮವಾರ ಬೆಳಿಗ್ಗೆ ಜಡ್ಜಮ್ಮನನ್ನು ಕರೆತಂದೆವು. ಅಣ್ಣ ಬಾಗಿಲು ತೆಗೆದು, "ನೋಡಮ್ಮ, ಎಲ್ಲಾ ನಿನಗೇ" ಎಂದ. ನಾನು ಎಂಟೂ ಲೈಟ್ ಹಾಕಿದೆ. ಅದೇ ಹೊತ್ತಿಗೆ ಶಾಲೆಯ ಗಂಟೆ ಹೊಡೆಯಿತು.

ಅವಳು ಕಿರುಚಿದ ಕಿರುಚು ಇನ್ನೂ ನನ್ನ ಕಿವಿಯಲ್ಲಿದೆ. ಹೊಸ್ತಿಲನ್ನೂ ದಾಟಲಿಲ್ಲ. ಶೇಡ್ ಕಾರ್ಡ್ ಎಸೆದು, ಎರಡೂ ಕಿವಿ ಮುಚ್ಚಿಕೊಂಡು, ಅಂಗಳ ದಾಟಿ ಓಡಿ ಸೈಕಲ್ ನಿಲ್ಲಿಸುವ ಶೆಡ್ಡಿನ ಮೂಲೆ ಸೇರಿದಳು. ಅಲ್ಲಿ ಮುಖವನ್ನು ಗೋಡೆಗೊತ್ತಿಕೊಂಡು ಒಂದೂವರೆ ಗಂಟೆ ಕೂತಳು. ಪಕ್ಕದಲ್ಲಿ ಅಣ್ಣ ಮೊಣಕಾಲು ಮಡಿಸಲಾರದೆ ಮಡಿಸಿ ಕೂತ. 

ಪಿಸುಟೀಚರ್ ಬಂದಳು. ಬೈಯಲಿಲ್ಲ, ಅವಳಿಗೆ ಬೈಯಲು ಬೇಕಾದಷ್ಟು ಧ್ವನಿಯೇ ಇಲ್ಲ. "ನಾನು ಕೊಟ್ಟ ಹಾಳೆ ಎಲ್ಲಿ ಸರ್?" ಎಂದು ಕೇಳಿದಳು.

ಅಣ್ಣ ಜೇಬು ತಡಕಿದ. ಚೀಲ ತಡಕಿದ. ನನ್ನ ಮುಖ ನೋಡಿದ. ನಾನು ಅವನ ತಲೆ ನೋಡಿದೆ. ಪೇಂಟರುಗಳು ತಲೆಮೇಲೆ ಬಣ್ಣ ಸಿಡಿಯದ ಹಾಗೆ ಕಾಗದ ಮಡಿಸಿ ಟೋಪಿ ಮಾಡಿಕೊಳ್ಳುವುದು ನಿಮಗೆ ಗೊತ್ತಿರಬೇಕು. ಸಾಮಾನ್ಯವಾಗಿ ಹಳೆ ಪೇಪರಿನಲ್ಲಿ ಮಾಡುತ್ತಾರೆ. ಅಣ್ಣನಿಗೆ ಈ ಸಲ ಒಳ್ಳೆಯ ದಪ್ಪ ಕಾಗದ ಸಿಕ್ಕಿತ್ತು. ಹತ್ತು ದಿನ ಆ ಇಪ್ಪತ್ತೊಂದು ಸೂಚನೆಯೂ ಅವನ ತಲೆಯ ಮೇಲೇ ಕೂತಿದ್ದವು, ಒಂದೂ ಒಳಗೆ ಇಳಿದಿರಲಿಲ್ಲ. ಹೊಸ ಟೋಪಿ ಚೆನ್ನಾಗಿ ಕಾಣುತ್ತದೆ ಎಂದು ಆ ದಿನವೂ ಅದನ್ನೇ ಹಾಕಿಕೊಂಡು ಬಂದಿದ್ದ.

ಅವನು ಟೋಪಿ ತೆಗೆದು ಎರಡೂ ಕೈಯಲ್ಲಿ ಅವಳ ಮುಂದೆ ಹಿಡಿದ. ಪಿಸುಟೀಚರ್ ಅದನ್ನು ಮೆಲ್ಲಗೆ ಬಿಚ್ಚಿ, ಬೆವರು ಮತ್ತು ಹಸಿರು ಬಣ್ಣದ ನಡುವೆ ಉಳಿದದ್ದನ್ನು ಓದಲು ಶುರುಮಾಡಿದಳು. ಗೋಡೆ ಮೇಲೆ ಚಿತ್ರ ಬೇಡ. ಹೊಳೆಯುವ ಬಣ್ಣ ಬೇಡ. ಟ್ಯೂಬ್‌ಲೈಟ್ ಬೇಡ. ಹೊಸ ಬಣ್ಣದ ವಾಸನೆ ಹೋಗುವವರೆಗೆ ಕೋಣೆ ತೆರೆದಿಡಿ. ಹೊರಗೋಡೆಗೆ ಹಾಕಿರುವ ಗಂಟೆ ಬೇರೆ ಕಡೆ ಸಾಗಿಸಿ. ಪ್ರತಿ ಸಾಲಿಗೂ ನಾವು ಹುಡುಕಿ ಹುಡುಕಿ ತದ್ವಿರುದ್ಧ ಮಾಡಿದ್ದೆವು. ಓದಿ ಮಾಡಿದ್ದರೂ ಅಷ್ಟು ಕರಾರುವಾಕ್ಕಾಗಿ ತಪ್ಪು ಮಾಡಲು ಆಗುತ್ತಿರಲಿಲ್ಲ. ಆ ಗಂಟೆಯನ್ನು ಇಪ್ಪತ್ತು ವರ್ಷದ ಹಿಂದೆ ಅಲ್ಲಿ ಕೂರಿಸಿದವನೂ ನಾನೇ.

ನಾನು ಇಂಗು ತಿಂದ ಮಂಗನ ಹಾಗೆ ನಿಂತಿದ್ದೆ. ಅಣ್ಣ ಮಾತ್ರ ಬೇರೇನೋ ಲೆಕ್ಕ ಹಾಕುತ್ತಿದ್ದ.

"ಆ ಮೊದಲನೇ ಶಾಲೆಗೆ ಬಣ್ಣ ಹೊಡೆದೋರು ಯಾರೋ?" ಎಂದ.

"ನಾವೇ."

"ಎರಡನೇದು?"

"ಅದೂ ನಾವೇ ಅಣ್ಣ."

ಮೂರನೆಯದನ್ನು ಕೇಳಲಿಲ್ಲ. ಅಲ್ಲಿಯ ಸೂರ್ಯನ ಮುಂದೆ ನಾವಿಬ್ಬರೂ ನಿಂತು ತೆಗೆಸಿಕೊಂಡ ಫೋಟೋ ಮನೆಯ ಹಜಾರದಲ್ಲೇ ಇದೆ. ಮೂರು ಶಾಲೆಯವರನ್ನೂ ನಾವು ಮನಸಾರೆ ಶಪಿಸಿದ್ದೆವು, ಮಗುವನ್ನು ನೋಡಿಕೊಳ್ಳಲು ಬರುವುದಿಲ್ಲ ಎಂದು. ಅವರ ತಪ್ಪೂ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಅವಳು ಬಾಗಿಲಲ್ಲಿ ಕಾಲಿಟ್ಟ ಗಳಿಗೆಯಲ್ಲೇ ಮೈಮೇಲೆ ಬಿದ್ದದ್ದು ನಮ್ಮ ಕೈಕೆಲಸ. ನನಗೆ ಬಹಳ ನಾಚಿಕೆಯಾಯಿತು. ಅಣ್ಣನಿಗೆ ನಾಚಿಕೆಯಲ್ಲ, ಸಂಕಟ. ಅವನು ಟವೆಲಿನಲ್ಲಿ ಮುಖ ಒರೆಸಿಕೊಂಡು, "ಟೀಚರ್, ಇನ್ನೊಂದ್ಸಲ ಓದಿ. ಈ ಸಲ ಟೋಪಿ ಇಲ್ಲ" ಎಂದ.

ಹೆಡ್‌ಮೇಡಂ ಒಂಬತ್ತು ದಿನ ಕೊಟ್ಟರು. ಅದಕ್ಕಿಂತ ಒಂದು ದಿನವೂ ಹೆಚ್ಚಿಲ್ಲ ಎಂದರು.

ಮೊದಲ ಪಾಠ ನಮಗೇ ಆಯಿತು. ಪಿಸುಟೀಚರ್ ನಮ್ಮಿಬ್ಬರನ್ನೂ ಕೋಣೆಯ ನೆಲದ ಮೇಲೆ ಕೂರಿಸಿ, "ಕಣ್ಣು ಮುಚ್ಚಿ. ಕೇಳ್ಸಿದ್ದೆಲ್ಲ ಬೆರಳಲ್ಲಿ ಎಣಿಸಿ" ಎಂದಳು. ಅಣ್ಣ ಒಂದು ಕಣ್ಣು ತೆರೆದು ನನ್ನ ಬೆರಳು ನೋಡುತ್ತಿದ್ದ, ಕಾಪಿ ಹೊಡೆಯಲು. ನನಗೆ ಮೊದಲಿಗೆ ಏನೂ ಕೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮೇಲಿನಿಂದ ಗುಂಯ್ ಎಂದು ಒಂದು ಸದ್ದು. ಟ್ಯೂಬ್‌ಲೈಟ್ ಉರಿಸುವ ಚೋಕ್ ಎಂಬ ಪೆಟ್ಟಿಗೆಯದು. ಮೂವತ್ತು ವರ್ಷದಲ್ಲಿ ಸಾವಿರಾರು ಚೋಕ್ ಕೂರಿಸಿದ್ದೇನೆ, ಅದಕ್ಕೊಂದು ಧ್ವನಿಯಿದೆ ಎಂದು ಗೊತ್ತಾದದ್ದು ಆವತ್ತು. ಒಮ್ಮೆ ಕೇಳಿದ ಮೇಲೆ ಕೇಳದಿರಲು ಆಗಲಿಲ್ಲ. ಫ್ಯಾನು ಟಕ್ ಟಕ್ ಎನ್ನುತ್ತಿತ್ತು. ಸ್ವಿಚ್‌ಬೋರ್ಡಿನ ಮುಚ್ಚಳ ನಡುಗುತ್ತಿತ್ತು. ಗೋಡೆಯಾಚೆ ನಲ್ಲಿ ತೊಟ್ಟಿಕ್ಕುತ್ತಿತ್ತು. ಹನ್ನೊಂದು ಸದ್ದು ಸಿಕ್ಕವು. "ಇದನ್ನೆಲ್ಲ ಆ ಕೂಸು ದಿನಾ ಕೇಳುತ್ತಾ?" ಎಂದು ಅಣ್ಣ ಕೇಳಿದ. "ಇದರ ಜೊತೆಗೆ ಪಾಠಾನೂ ಕೇಳ್ಬೇಕು ಸರ್" ಎಂದಳು ಪಿಸುಟೀಚರ್.

ನಾನು ಎಂಟೂ ಟ್ಯೂಬ್‌ಲೈಟ್ ಇಳಿಸಿದೆ. ಬೆಳಕು ಕಣ್ಣಿಗೆ ಹೊಡೆಯದೆ ಛಾವಣಿಗೆ ಬಿದ್ದು ಕೆಳಗಿಳಿಯುವ ಹಾಗೆ ನಾಲ್ಕು ಬಲ್ಬು ಹಾಕಿ, ಹೆಚ್ಚು ಕಮ್ಮಿ ಮಾಡಲು ಒಂದು ತಿರುಗಣೆ ಕೊಟ್ಟೆ. ಫ್ಯಾನಿಗೆ ಹೊಸ ಬೇರಿಂಗ್ ಹಾಕಿದೆ. ಗಂಟೆಯನ್ನು ಕಿತ್ತು ಕಟ್ಟಡದ ಆಚೆ ತುದಿಗೆ, ಹೆಡ್‌ಮೇಡಂ ಕಿಟಕಿಯ ಪಕ್ಕಕ್ಕೆ ಸಾಗಿಸಿದೆ. ಅದು ಬೇಕೆಂದು ಮಾಡಿದ್ದಲ್ಲ, ವೈರು ಅಷ್ಟೇ ಉದ್ದ ಇತ್ತು.

ಕುರ್ಚಿ ಎಳೆದರೆ ಕಿರ್ರೆನ್ನುತ್ತಿದ್ದವು. ಅತ್ತಿಗೆ ಮನೆಯ ಹಳೇ ಕಂಬಳಿ ಕತ್ತರಿಸಿ ಪ್ರತಿ ಕಾಲಿಗೂ ಕಾಲುಚೀಲ ಹೊಲಿದು ಕೊಟ್ಟಳು. ಇಪ್ಪತ್ನಾಲ್ಕು ಕಾಲು. "ನನ್ನ ಕಾಲಿಗೆ ಒಂದು ಜೊತೆ ಹೊಲಿದದ್ದಿಲ್ಲ" ಎಂದು ಅಣ್ಣ ಗೊಣಗಿದ. ಕೋಣೆಯ ಒಂದು ಮೂಲೆಗೆ ಬಡಗಿಯೊಬ್ಬ ಮಕ್ಕಳು ನುಗ್ಗಿ ಕೂರುವಷ್ಟು ಒಂದು ಮರದ ಗೂಡು ಮಾಡಿದ, ಬೇಸರವಾದವರು ಯಾರನ್ನೂ ಕೇಳದೆ ಅದರೊಳಗೆ ಹೋಗಬಹುದು. ಆ ಕಡೆ ಐವರಲ್ಲಿ ಇನ್ನೊಬ್ಬಳ ತಾಯಿ ಬಂದು, "ನಮ್ಮವಳಿಗೆ ಸುಮ್ನೆ ಇದ್ರೇ ಆಗಲ್ಲ, ಕುಣೀಬೇಕು, ಗುದ್ದಬೇಕು" ಎಂದಳು. ಒಬ್ಬಳಿಗೆ ಸದ್ದು ಬೇಡ, ಇನ್ನೊಬ್ಬಳಿಗೆ ಸದ್ದೇ ಬೇಕು. ಅಣ್ಣ ತಲೆ ಮೇಲೆ ಕೈ ಹೊತ್ತು ಕೂತ. ಕೊನೆಗೆ ಹೊರಗಿನ ವರಾಂಡದ ತುದಿಯನ್ನು ಮುಚ್ಚಿ, ದಪ್ಪ ಹಾಸಿಗೆ ಹಾಕಿ, ಕುಣಿಯುವವರಿಗೆ ಬಿಟ್ಟುಕೊಟ್ಟೆವು. ಅಲ್ಲಿ ಮೊದಲು ಕುಣಿದು ನೋಡಿದ್ದು ಅಣ್ಣನೇ.

ಆದರೆ ಬಣ್ಣದ ಮಾತು ಬಂದಾಗ ಅವನ ಹಳೇ ಹಟ ಮತ್ತೆ ತಲೆ ಎತ್ತಿತು. "ಚಿತ್ರ ಬೇಡ, ಸರಿ. ಬಣ್ಣ ಆದ್ರೂ ಇರ್ಲಿ" ಎಂದು ಮನೆಯಲ್ಲಿ ಒಂದು ಪ್ಲೈವುಡ್ ಹಲಗೆಯ ಮೇಲೆ ಆರು ಪಟ್ಟೆ ಹೊಡೆದು ಜಡ್ಜಮ್ಮನ ಮುಂದಿಟ್ಟ. ಅವನ ಪ್ರಕಾರ ಆರೂ ತೆಳು ಬಣ್ಣ. ಅವಳು ಒಂದೊಂದನ್ನೂ ನೋಡಿ, ನಂಬರು ಹೇಳಿ ಮುಂದೆ ಹೋದಳು. ಆರೂ ಮುಗಿದ ಮೇಲೆ ಹಲಗೆಯನ್ನು ತಿರುಗಿಸಿ ಹಾಕಿದಳು. ಹಿಂದೆ ಬರೀ ಪ್ರೈಮರ್ ಇತ್ತು, ಬಣ್ಣಕ್ಕೆ ಮೊದಲು ಹೊಡೆಯುವ ಮಾಸಲು ಬಿಳಿ. ಅದರ ಮೇಲೆ ಅಂಗೈ ಇಟ್ಟಳು. ಆಮೇಲೆ ಕೆನ್ನೆ ಇಟ್ಟಳು.

"ಇದು."

"ಅದು ಪ್ರೈಮರ್ ಕಣಮ್ಮ. ಅದು ಬಣ್ಣಾನೇ ಅಲ್ಲ. ಅಂಗಿ ಒಳಗೆ ಹಾಕ್ಕೊಳ್ಳೋ ಬನಿಯನ್ ಇದ್ದ ಹಾಗೆ."

"ಇದು."

"ನಾಲ್ಕು ಜನ ನೋಡೋ ಗೋಡೇನ ಬನಿಯನ್ನಲ್ಲಿ ನಿಲ್ಸು ಅಂತೀಯಾ?"

ಒಳಗಿನಿಂದ ಅತ್ತಿಗೆ, "ನೀವು ಮನೇಲಿ ದಿನವಿಡೀ ಬನಿಯನ್ನಲ್ಲೇ ಇರ್ತೀರಲ್ಲ, ಗೋಡೆ ಇದ್ರೆ ಏನು ಕಷ್ಟ?" ಎಂದಳು. ನಾನು ನಗು ತಡೆಯಲಾರದೆ ಎದ್ದು ಹೋದೆ. ಅಣ್ಣ ಗಂಟುಮುಖ ಹಾಕಿಕೊಂಡು ಕೂತಿದ್ದ, ಆದರೆ ಹಲಗೆಗೆ ಕೆನ್ನೆ ಒತ್ತಿಕೊಂಡಿದ್ದ ಮೊಮ್ಮಗಳ ಮುಖವನ್ನೇ ನೋಡುತ್ತಿದ್ದ. ಅವಳು ಅಷ್ಟು ಹಾಯಾಗಿ ಯಾವ ಗೋಡೆಗೂ ಮುಖ ಕೊಟ್ಟವಳಲ್ಲ. ಮಧ್ಯಾಹ್ನ ಅಣ್ಣ ಡಬ್ಬ ತೆಗೆದು, ಹೊಳಪಿಲ್ಲದ, ವಾಸನೆ ಕಡಿಮೆಯ ಬಣ್ಣಕ್ಕೆ ಹನಿಹನಿಯಾಗಿ ಬೂದು ಬೆರೆಸುತ್ತ ಕೂತ. ಪ್ರೈಮರಿನಂತೆಯೇ ಕಾಣಬೇಕು, ಆದರೆ ಪ್ರೈಮರಿನ ಹಾಗೆ ಉದುರಬಾರದು. ಏನೂ ಅಲ್ಲದ ಆ ಬಣ್ಣವನ್ನು ಹಿಡಿಯಲು ಅವನಿಗೆ ಅರ್ಧ ದಿನ ಬೇಕಾಯಿತು.

ಕಾಡನ್ನು ಅಳಿಸುವಾಗ ನಾನು ಜೊತೆಗಿದ್ದೆ. ಮೊದಲು ಮರಳುಕಾಗದದಲ್ಲಿ ಹೊಳಪು ಉಜ್ಜಿ, ಮೇಲೆ ರೋಲರ್. ಕೋತಿಗಳು ಹೋದವು, ಕನ್ನಡಕದ ಕರಡಿ ಹೋಯಿತು. ಸೂರ್ಯನನ್ನು ಕೊನೆಗೆ ಇಟ್ಟುಕೊಂಡಿದ್ದ. ಒಂದು ಕೋಟ್ ಹೊಡೆದ, ಮುಖ ಮರೆಯಾಯಿತು, ಹಲ್ಲು ಉಳಿಯಿತು. ಎರಡನೇ ಕೋಟ್ ಹೊಡೆದ, ಆಗಲೂ ಸಾಲುಹಲ್ಲು ಇಣುಕುತ್ತಿತ್ತು, ಗೋಡೆಯೊಳಗಿಂದ ಯಾರೋ ನಮ್ಮನ್ನು ನೋಡಿ ಕಿಸಿಯುತ್ತಿರುವ ಹಾಗೆ. "ಅಷ್ಟು ಗಟ್ಟಿಯಾಗಿ ಯಾಕೆ ಬರೆದ್ಯೋ?" ಎಂದೆ. "ಮಕ್ಕಳಿಗೆ ಖುಷಿಯಾಗ್ಲಿ ಅಂತ ಬರೆದೆ ಕಣೋ. ಬೇರೆ ಯಾಕೆ ಬರೀತಾರೆ?" ಎಂದ.  ನಾನು ಬಾಯಿ ಮುಚ್ಚಿಕೊಂಡು ಏಣಿ ಹಿಡಿದೆ. ಮೂರನೇ ಕೋಟಿಗೆ ಹಲ್ಲು ಹೋಯಿತು. ಆಮೇಲೆ ಐದು ದಿನ ಕಿಟಕಿ ಬಾಗಿಲು ತೆರೆದಿಟ್ಟು, ದಿನಕ್ಕೆರಡು ಸಲ ಹೋಗಿ ಗೋಡೆ ಮೂಸಿ ಬರುವುದೇ ನಮ್ಮ ಉದ್ಯೋಗವಾಯಿತು.

ಹತ್ತನೇ ದಿನ ಪರೀಕ್ಷೆಯ ವಾರ ಶುರು. ಪಿಸುಟೀಚರ್ ಹೇಗೋ ಹೆಡ್‌ಮೇಡಂ ಹತ್ತಿರ ಮಾತಾಡಿ, ಮೊದಲ ಹದಿನೈದು ನಿಮಿಷ ಮಾತ್ರ ಅಜ್ಜ ಮೂಲೆಯಲ್ಲಿ ಕೂರಬಹುದು ಎಂದು ಒಪ್ಪಿಸಿದ್ದಳು. ಆಮೇಲೆ ಅವನು ಎದ್ದು ಹೋಗಬೇಕು. ಅವನು ಎದ್ದರೆ ಅವಳೂ ಏಳುತ್ತಾಳೆ, ಎಂಟು ವರ್ಷದಲ್ಲಿ ಒಂದು ದಿನವೂ ಬೇರೆ ಥರ ಆದದ್ದಿಲ್ಲ. ಇದು ಎಲ್ಲರಿಗೂ ಗೊತ್ತಿತ್ತು. ಜಡ್ಜಮ್ಮನ ಅಮ್ಮ ಗೇಟಿನ ಹತ್ತಿರವೇ ನಿಂತಳು, ಒಳಗೆ ಬರಲು ಧೈರ್ಯವಿಲ್ಲದೆ. ನಾನು ವರಾಂಡದ ಕಿಟಕಿಯಲ್ಲಿ ಕಣ್ಣಷ್ಟೇ ಇಟ್ಟುಕೊಂಡು ನಿಂತೆ. ಎದೆ ಡವಡವ ಎನ್ನುತ್ತಿತ್ತು, ಅದು ಕೂಡ ಒಳಗೆ ಕೇಳಿಸೀತೇನೋ ಎಂದು ಹೆದರಿಕೆ.

ಅವಳು ಹೊಸ್ತಿಲಲ್ಲಿ ನಿಂತಳು. ತುಂಬ ಹೊತ್ತು ನಿಂತಳು. ಆಮೇಲೆ ಒಳಗೆ ಕಾಲಿಟ್ಟಳು. ಗೋಡೆಗೆ ಅಂಗೈ ಇಟ್ಟು, ಎತ್ತದೆ, ನಾಲ್ಕು ಗೋಡೆಯನ್ನೂ ಸುತ್ತಿ ಬಂದಳು. ಕುರ್ಚಿಯೊಂದನ್ನು ಎಳೆದಳು, ಸದ್ದಾಗಲಿಲ್ಲ. ಮತ್ತೆ ಎಳೆದಳು. ಗೂಡಿನೊಳಗೆ ಹೋಗಿ ಸ್ವಲ್ಪ ಹೊತ್ತಿದ್ದು ಹೊರಗೆ ಬಂದಳು. ಉಳಿದ ನಾಲ್ಕು ಮಕ್ಕಳು ಅವರವರ ಪಾಡಿಗಿದ್ದರು. ಪಿಸುಟೀಚರ್ ಮೇಜಿನ ಮೇಲೆ ಬಣ್ಣದ ಚೌಕಗಳನ್ನು ಹರಡಿದ್ದಳು, ನಂಬರಿನ ಪ್ರಕಾರ ಜೋಡಿಸಲು. ಜಡ್ಜಮ್ಮ ಕೂತು ಜೋಡಿಸಲು ಶುರುಮಾಡಿದಳು. ಮೂಲೆಯಲ್ಲಿ ಅಣ್ಣ ಗೊಂಬೆಯ ಹಾಗೆ ಕೂತಿದ್ದ. ಗಡಿಯಾರದಲ್ಲಿ ಹತ್ತು ನಿಮಿಷವಾಗಿತ್ತು.

ಆಗ ಅವಳ ಕೈ ನಿಂತಿತು. ತಲೆ ಎತ್ತಿದಳು. ಹುಬ್ಬು ಗಂಟಿಕ್ಕಿ ಫ್ಯಾನು ನೋಡಿದಳು, ಬಲ್ಬು ನೋಡಿದಳು, ಸ್ವಿಚ್‌ಬೋರ್ಡಿಗೆ ಹೋಗಿ ಕಿವಿ ಇಟ್ಟಳು.  ಏನು ಬಿಟ್ಟೆವು? ಯಾವ ಸ್ಕ್ರೂ?  ಜಡ್ಜಮ್ಮ ಸದ್ದಿನ ಜಾಡು ಹಿಡಿದು ಒಂದೊಂದೇ ಹೆಜ್ಜೆ ಇಡುತ್ತ ಮೂಲೆಗೆ ಬಂದಳು, ಬಗ್ಗಿ, ಅಜ್ಜನ ಮೂಗಿನ ಹತ್ತಿರ ಕಿವಿ ತಂದಳು.

ಅಣ್ಣ ಅಲ್ಲಾಡದೆ ಕೂತಿದ್ದ, ಆದರೆ ಭಯಕ್ಕೆ ಅವನ ಉಸಿರು ಸೀಟಿ ಹಾಕುತ್ತಿತ್ತು. ಹನ್ನೊಂದು ಸದ್ದು ಅಡಗಿಸಿದ್ದೆವು, ಹನ್ನೆರಡನೆಯದು ನಮ್ಮ ಪಟ್ಟಿಯಲ್ಲೇ ಇರಲಿಲ್ಲ.

"ಅಜ್ಜ. ಸದ್ದು" ಎಂದಳು.

ಅಣ್ಣ ಉಸಿರು ಬಿಗಿಹಿಡಿದ. ಎಷ್ಟು ಹೊತ್ತು ಹಿಡಿದಾನು? ಕೆಂಪಾದ, ಬುಸ್ಸೆಂದು ಬಿಟ್ಟ, ಅದು ಇನ್ನೂ ಜೋರಾಯಿತು. ಜಡ್ಜಮ್ಮ ಅವನ ಕೈ ಹಿಡಿದು ಎಬ್ಬಿಸಿದಳು. ಕೈ ಹಿಡಿದೇ ಕೋಣೆ ದಾಟಿಸಿ, ಬಾಗಿಲು ತೆಗೆದು, ಅವನನ್ನು ವರಾಂಡಕ್ಕೆ ಬಿಟ್ಟಳು. ನಾನು ಅವಳೂ ಹಿಂದೆ ಬರುತ್ತಾಳೆ ಎಂದುಕೊಂಡೆ. ಅಣ್ಣನೂ ಹಾಗೇ ಅಂದುಕೊಂಡು ಕೈ ಚಾಚಿಯೇ ನಿಂತಿದ್ದ. ಅವಳು ಒಳಗೇ ಉಳಿದು ಬಾಗಿಲು ಮುಚ್ಚಿದಳು.

"ನನ್ನನ್ನೇ ಹೊರಗೆ ಹಾಕಿದ್ಳಲ್ಲೋ" ಎಂದ ಅಣ್ಣ. ನಗುತ್ತಿದ್ದನೋ ಅಳುತ್ತಿದ್ದನೋ ಅವನಿಗೇ ಗೊತ್ತಿರಲಿಲ್ಲ, ಎರಡೂ ಒಟ್ಟಿಗೇ ಬರುತ್ತಿತ್ತು. ಅವನಿಗೆ ಇದೇ ಬೇಕಾಗಿತ್ತು, ಇದಕ್ಕಾಗಿಯೇ ಆ ಗೋಡೆ ಖಾಲಿ ಮಾಡಿದ್ದು, ಆದರೂ ಆ ಮುಚ್ಚಿದ ಬಾಗಿಲ ಮುಂದೆ ಅವನು ಮೊದಲ ದಿನ ಶಾಲೆಗೆ ಬಿಟ್ಟ ಮಗುವಿನ ಹಾಗೆ ನಿಂತಿದ್ದ.  "ಮೆಲ್ಲಗೆ ಅಳೋ ಅಣ್ಣ, ಇಲ್ಲಿಂದಾನೂ ಓಡಿಸ್ತಾಳೆ" ಎಂದು ಅವನ ತೋಳು ಹಿಡಿದು ಗೇಟಿನವರೆಗೆ ನಡೆಸಿಕೊಂಡು ಹೋದೆ. ಇಬ್ಬರೂ ತುದಿಗಾಲಲ್ಲಿ ನಡೆದೆವು.

ಎರಡು ಗಂಟೆ ಕಳೆದು ಬಾಗಿಲು ತೆರೆದಾಗ ಅವಳು ನಮ್ಮನ್ನು ಹುಡುಕಲಿಲ್ಲ. ಚಪ್ಪಲಿ ಹಾಕಿಕೊಂಡಳು, ಗೋಡೆಗೆ ಇನ್ನೊಮ್ಮೆ ಕೈ ತಾಕಿಸಿದಳು, ಪಿಸುಟೀಚರ್ ಕಡೆ ತಿರುಗದೆಯೇ "ನಾಳೆ" ಎಂದಳು.